ಕುಕ್ಕರಗಾಲಿನಲ್ಲಿ ಕೂರುವ ಮಗು

ಎರಡು ವರ್ಷದ ಕೂಸು ಆಡುತ್ತಾಡುತ್ತ ಏದುಸಿರು ಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರೆ ನಾವು ಅದನ್ನು ಸೋಮಾರಿ ಎನ್ನುತ್ತೇವೆ. ಆಗ ಅದರ ತುಟಿ, ನಾಲಗೆಗಳನ್ನು ನೋಡಬೇಕು. ನೇರಳೆಹಣ್ಣು ತಿಂದಂತೆ ನೀಲಿಯಾಗಿದ್ದರೆ ಗುಂಡಿಗೆಯಲ್ಲಿ ಹುಟ್ಟಿನಿಂದ ಬಂದ ದೋಷವಿರಬಹುದು. (ಚಳಿಗೆ ಅಂಗೈ ಅಂಗಾಲು ಮಾತ್ರ ನೀಲಿಯಾಗಿ ನಾಲಗೆ ಕೆಂಪಗಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ.)

ಇಂಥ ನೀಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ದೋಷವನ್ನು ಫ್ಯಾಲೊ ಎಂಬ ಫ್ರೆಂಚ್ ವೈದ್ಯನು 1888ರಲ್ಲಿ ವಿವರಿಸಿದನು. ಗುಂಡಿಗೆಯ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಆದುದರಿಂದ ಶುದ್ಧಿಯಾಗದ ರಕ್ತವೂ ಮೈಗೆ ಹರಿಯುತ್ತದೆ. ಕುಕ್ಕರಿಸಿದಾಗ ಕಾಲಿನ ರಕ್ತನಾಳಗಳು ಒತ್ತಿಕೊಂಡು ಅತ್ತ ಹರಿವಿಗೆ ತಡೆಯಾಗುತ್ತದೆ. ಹೆಚ್ಚು ರಕ್ತ ಶ್ವಾಸಕೋಶದತ್ತ ತಿರುಗುತ್ತದೆ. ಯಾರೂ ಹೇಳಿಕೊಡದೆ ಮಗು ತಾನೇ ಕಂಡುಕೊಂಡ ಉಪಾಯವಿದು! ಗದರಿಸಿ ಎಬ್ಬಿಸಬಾರದು.

ಹಸುಗೂಸು ಅಳುತ್ತಳುತ್ತ ಕಡುನೀಲಿಯಾದರೆ ಅದರ ಮೊಣಕಾಲುಗಳನ್ನು ಎದೆಗೆ ಮಡಿಚಿ ಹಿಡಿದು, ಸಮಾಧಾನಪಡಿಸುತ್ತ, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ವಾಂತಿಭೇದಿಯಾದಾಗ ಮೈಯ ನೀರು ಆರಗೊಡಬಾರದು. ರಕ್ತ ಮಂದವಾದರೆ ಈ ಮಕ್ಕಳಿಗೆ ಅಪಾಯ.

“ಇಲ್ಲಿಯ ನೀರು ಹಿಡಿಸಿಲ್ಲ, ಊರಿಗೆ ಕಳಿಸಿದರೆ ಸರಿಹೋದೀತು” ಎಂಬುದು ನಮ್ಮ ಚಾಳುಗಳಲ್ಲಿ ಕೇಳಿಬರುವ ಮಾತು. ಊರಿನ ನೀರು ಗುಂಡಿಗೆಯ ತೂತನ್ನು ಮುಚ್ಚದು. ಈ ಶಸ್ತ್ರಚಿಕಿತ್ಸೆಯನ್ನು ಈಗ ಸಾಮಾನ್ಯವಾಗಿ ಮೊದಲ ವರ್ಷದಲ್ಲಿಯೇ ಮಾಡುತ್ತಾರೆ. ವಯಸ್ಸು ಮೀರಿದ್ದರೂ ಮಾಡಬಹುದು. ಗುಣಹೊಂದಿದ ಬಹುಪಾಲು ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಖರ್ಚಿಗೆ ಅಂಜಿ ಸುಮ್ಮನಿರುವವರು ತಿಳಿಯಬೇಕಾದುದು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳಿಗೆ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತ. ಹತ್ತಿರದ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಯಿಸಿರಿ. ತಪಾಸಣೆಯ ದಿನ ಯಾವುದೆಂದು ಕೇಳಿರಿ. ತುಟಿ ಆಗಲೇ ನೀಲಿಯಾಗಿದ್ದರೆ ಆ ದಿನಕ್ಕೆ ಕಾಯದೆ ನೇರವಾಗಿ ಮಕ್ಕಳ ಆಸ್ಪತ್ರೆಗೆ ಹೋಗಿರಿ.