ಮುಂಗಡದ ಹಣ, ಮಾಲೀಕನ ಮಾತು: ದುಡಿಯುವವರ ಹೊತ್ತಿಗೆ ಕಾನೂನು ಹಾಕಿರುವ ಗಡಿ

ಕೆಲಸಕ್ಕೆ ಇಟ್ಟುಕೊಂಡವರಿಗೆ ಯಾವ ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳುವ ಅಧಿಕಾರ ಮಾಲೀಕನಿಗೆ ಇರುವುದನ್ನು ಕಾನೂನು ಒಪ್ಪುತ್ತದೆ. ಆದರೆ ಆ ಅಧಿಕಾರ ಎಷ್ಟು ಗಂಟೆಯವರೆಗೆ, ಯಾವ ದಿನಗಳಲ್ಲಿ, ಎಷ್ಟು ವೇತನಕ್ಕೆ ನಡೆಯುತ್ತದೆ ಎಂಬುದನ್ನು ಮಾಲೀಕನ ಮರ್ಜಿಗೆ ಬಿಟ್ಟಿಲ್ಲ. ಬಾಗಲಕೋಟೆಯ ನವನಗರದ ಕಚೇರಿಗಳಲ್ಲಿ ಈ ಗಡಿ ಮೀರುವುದು ರಾತ್ರಿ ಬರುವ ಫೋನ್ ಕರೆಯ ರೂಪದಲ್ಲಾದರೆ, ಬಾದಾಮಿಯ ವಸತಿಗೃಹ ಮತ್ತು ಖಾನಾವಳಿಗಳಲ್ಲಿ ಪ್ರವಾಸಿಗರ ಹಂಗಾಮಿನ ರಜೆಯಿಲ್ಲದ ದುಡಿಮೆಯ ರೂಪದಲ್ಲಿ, ಹುನಗುಂದ-ಇಳಕಲ್ ಭಾಗದ ಕೆಂಪು ಗ್ರಾನೈಟಿನ ಕ್ವಾರಿ ಮತ್ತು ಮಗ್ಗದ ಮನೆಗಳಲ್ಲಿ ಹಿಂದೆಂದೋ ಪಡೆದ ಮುಂಗಡದ ರೂಪದಲ್ಲಿ ಅದು ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ಕೊನೆಯದು ಅತ್ಯಂತ ಬಿಗಿಯಾದ ಕಟ್ಟು. ಅದನ್ನು ಬಿಡಿಸುವ ಕಾನೂನೂ ಪ್ರತ್ಯೇಕವಾಗಿಯೇ ಇದೆ.

ಯಾರಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಮೊದಲ ಪ್ರಶ್ನೆ. ಅಂಗಡಿ, ಹೋಟೆಲು, ಖಾಸಗಿ ಕಚೇರಿ ಮುಂತಾದವುಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುತ್ತದೆ. ಇದರ ಜೊತೆಗೆ, ಕಾರ್ಖಾನೆ, ಗಣಿ, ವೇತನ ಮತ್ತು ಕೈಗಾರಿಕಾ ವಿವಾದಗಳಿಗೆ ಸಂಬಂಧಿಸಿದ ಹಲವು ಹಳೆಯ ಕೇಂದ್ರ ಕಾಯ್ದೆಗಳನ್ನು ಒಟ್ಟುಗೂಡಿಸಿ ರೂಪಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಇವುಗಳ ಪೈಕಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದವು ಮೂರು: ವೇತನ ಸಂಹಿತೆ, 2019, ಕೈಗಾರಿಕಾ ಸಂಬಂಧಗಳ ಸಂಹಿತೆ, 2020, ಮತ್ತು ವೃತ್ತಿ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆ, 2020. ವೇತನ ಸಂಹಿತೆಯು ವ್ಯವಸ್ಥಾಪಕ ಹುದ್ದೆಯಲ್ಲಿರುವವರನ್ನೂ ‘ಉದ್ಯೋಗಿ’ ಎಂದು ಪರಿಗಣಿಸುತ್ತದೆ. ಉಳಿದೆರಡು ಸಂಹಿತೆಗಳು ಹೇಳುವ ‘ಕಾರ್ಮಿಕ’ರ ಗುಂಪಿನಲ್ಲಿ ವ್ಯವಸ್ಥಾಪಕರೂ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರೂ ಸೇರುವುದಿಲ್ಲ. ಹಾಗೆಂದು ಕಾಗದದ ಮೇಲೆ ‘ಸೂಪರ್‌ವೈಸರ್’ ಎಂದು ಬರೆದ ಮಾತ್ರಕ್ಕೆ ಯಾರೂ ಮೇಲ್ವಿಚಾರಕರಾಗುವುದಿಲ್ಲ; ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಆ ವ್ಯಕ್ತಿ ದಿನನಿತ್ಯ ಮಾಡುವ ಕೆಲಸವನ್ನು.

1961ರ ಕಾಯ್ದೆಯ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ದುಡಿಮೆಯ ಮಿತಿ. ಹೆಚ್ಚುವರಿ ದುಡಿಮೆ, ಅಂದರೆ ಜನ ಓಟಿ ಎಂದು ಕರೆಯುವುದು, ಸೇರಿದರೂ ದಿನದ ಒಟ್ಟು ಅವಧಿ ಹತ್ತು ಗಂಟೆಯನ್ನು ಮೀರುವಂತಿಲ್ಲ (ದಾಸ್ತಾನು ಎಣಿಕೆ ಮತ್ತು ಲೆಕ್ಕಪತ್ರ ತಯಾರಿಕೆಯ ದಿನಗಳಿಗೆ ಮಾತ್ರ ವಿನಾಯಿತಿ) ಮತ್ತು ನಿರಂತರ ಮೂರು ತಿಂಗಳಲ್ಲಿ ಹೆಚ್ಚುವರಿ ಗಂಟೆಗಳು 50ನ್ನು ದಾಟುವಂತಿಲ್ಲ. ಸತತ ಐದು ಗಂಟೆ ದುಡಿದವರಿಗೆ ಕನಿಷ್ಠ ಒಂದು ಗಂಟೆಯ ವಿರಾಮ, ವಾರಕ್ಕೆ ಒಂದು ಪೂರ್ಣ ದಿನದ ಸೂಟಿ, ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ವೇತನ ಸಿಗಬೇಕು. ಗಂಟೆಗೆ 60 ರೂಪಾಯಿ ಬೀಳುವ ಕೆಲಸವೆಂದು ಇಟ್ಟುಕೊಂಡರೆ, ಹತ್ತನೆಯ ಗಂಟೆಯ ಬೆಲೆ 120 ರೂಪಾಯಿ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯ ಹೋಟೆಲುಗಳಿಗೆ ಬಿಡುವಿಲ್ಲದ ವ್ಯಾಪಾರ ಇರುತ್ತದೆ ಎಂಬುದು ನಿಜವೇ ಆದರೂ, ಜಾತ್ರೆ ಈ ಕಾಯ್ದೆಗೆ ಅಪವಾದವಲ್ಲ. ಅದೇ ಕಾಯ್ದೆಯಡಿ ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆಯೂ, ಕಾಯಿಲೆ ಅಥವಾ ಇತರ ಸಕಾರಣಕ್ಕೆ ವರ್ಷಕ್ಕೆ ಹನ್ನೆರಡು ದಿನಗಳವರೆಗೆ ವೇತನಸಹಿತ ರಜೆಯೂ ದೊರೆಯುತ್ತವೆ.

ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿ ಇನ್ನೂ ಒಂದು ಮುಖ್ಯ ಮಾತಿದೆ: ಕಾರ್ಮಿಕರ ಸಮ್ಮತಿಯಿಲ್ಲದೆ ಅವರಿಂದ ಹೆಚ್ಚುವರಿ ದುಡಿಮೆ ಮಾಡಿಸುವಂತಿಲ್ಲ. ಎಂದರೆ ‘ಇವತ್ತು ನಿಲ್ಲಲಾಗುವುದಿಲ್ಲ’ ಎಂಬ ಉತ್ತರ ಅವಿಧೇಯತೆಯಲ್ಲ, ಸಂಹಿತೆ ಕೊಟ್ಟಿರುವ ಆಯ್ಕೆ.

ಕೆಲಸದ ಅವಧಿ ಮುಗಿದ ಮೇಲೆ ಮೇಲಧಿಕಾರಿಯ ಕರೆ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯ 2024ರಿಂದ ಕಾನೂನಿನ ಮೂಲಕ ಗುರುತಿಸಿವೆ. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಇಂಥ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರೂ ಅದು ಕಾನೂನಾಗಿಲ್ಲ. ಆದ್ದರಿಂದ ರಾತ್ರಿಯ ಕರೆಯನ್ನು ನೇರವಾಗಿ ನಿಷೇಧಿಸುವ ಕಲಮನ್ನು ಹುಡುಕುವುದು ವ್ಯರ್ಥ. ಆ ಕರೆಯ ಮೂಲಕ ಮಾಡಿಸಿದ ಕೆಲಸವೂ ದುಡಿಮೆಯೇ ಆದುದರಿಂದ ಅದನ್ನು ಗಂಟೆಗಳ ಲೆಕ್ಕಕ್ಕೆ ಸೇರಿಸಿ ಹೆಚ್ಚುವರಿ ವೇತನ ಕೇಳುವುದೇ ಈಗ ಉಳಿದಿರುವ ದಾರಿ, ಮತ್ತು ಬಾಯಿಮಾತಿನ ತಕರಾರಿಗಿಂತ ಇದು ಮೇಲಧಿಕಾರಿಯನ್ನು ಬೇಗ ಎಚ್ಚರಿಸುವಂಥದು.

ಮುಂಗಡದ ವಿಷಯದಲ್ಲಿ ಕಾನೂನಿನ ನಿಲುವು ತಿಳಿಯಬೇಕಾದರೆ ಸಾಲ ಮತ್ತು ದುಡಿಮೆ ಇವೆರಡನ್ನು ಬೇರೆ ಬೇರೆಯಾಗಿ ನೋಡಬೇಕು. ಮದುವೆಗೋ ಆಸ್ಪತ್ರೆಗೋ ಮಾಲೀಕನಿಂದ ಪಡೆದ ಹಣ ಸಾಲವಾಗಿದ್ದರೆ ಅದನ್ನು ತೀರಿಸುವ ಹೊಣೆ ಇದ್ದೇ ಇರುತ್ತದೆ, ಮಾಲೀಕ ಅದನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಬಹುದು, ಅಥವಾ ಕಾನೂನಿನ ಮಿತಿಯೊಳಗೆ ವೇತನದಲ್ಲಿ ಮುರಿದುಕೊಳ್ಳಬಹುದು; ವೇತನ ಸಂಹಿತೆಯಂತೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ. ಆದರೆ ಆ ಸಾಲವನ್ನು ಮುಂದಿಟ್ಟು ‘ತೀರುವವರೆಗೆ ಬೇರೆ ಕಡೆ ಕಾಲಿಡಬಾರದು’, ‘ಕರೆದಾಗ ಬರಬೇಕು’, ‘ನಾನು ಕೊಟ್ಟಷ್ಟೇ ಮಜೂರಿ’ ಎಂದು ದುಡಿಸಿಕೊಂಡರೆ, ಅದು ಮಾಲೀಕ-ಕೆಲಸಗಾರರ ನಡುವಿನ ಮಾತುಕತೆಯ ವಿಷಯವಾಗಿ ಉಳಿಯದೆ ಜೀತ ಪದ್ಧತಿ (ರದ್ದತಿ) ಕಾಯ್ದೆ, 1976ರ ವ್ಯಾಪ್ತಿಗೆ ಬರುತ್ತದೆ.

ಜೀತವೆಂದರೆ ಹಳೆಯ ಕಾಲದ ಒಕ್ಕಲುತನದ ಆಳು ಎಂಬ ಚಿತ್ರವೊಂದೇ ಜನರ ಮನಸ್ಸಿನಲ್ಲಿ ಇರುವುದರಿಂದ ಈ ಕಾಯ್ದೆ ತಮಗೆ ಸಂಬಂಧಿಸಿದ್ದಲ್ಲ ಎಂದು ಪಟ್ಟಣದ ಕೆಲಸಗಾರರು ಭಾವಿಸುವುದುಂಟು. ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ಬಹಳ ವಿಶಾಲವಾಗಿದೆ. ಮುಂಗಡಕ್ಕೆ ಪ್ರತಿಯಾಗಿ ವೇತನವಿಲ್ಲದೆ ಅಥವಾ ನಾಮಮಾತ್ರ ವೇತನಕ್ಕೆ ದುಡಿಯುವುದು, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಳ್ಳುವುದು, ಓಡಾಟದ ಸ್ವಾತಂತ್ರ್ಯ ಕಳೆದುಕೊಳ್ಳುವುದು, ತನ್ನ ದುಡಿಮೆಯ ಉತ್ಪನ್ನವನ್ನು ಮಾರುಕಟ್ಟೆಯ ದರಕ್ಕೆ ಮಾರುವ ಹಕ್ಕು ಕಳೆದುಕೊಳ್ಳುವುದು, ಇವುಗಳಲ್ಲಿ ಯಾವುದೊಂದಿದ್ದರೂ ವ್ಯಾಖ್ಯೆ ಪೂರ್ಣವಾಗುತ್ತದೆ. ಕೊನೆಯದು ನೇಕಾರರಿಗೆ ವಿಶೇಷವಾಗಿ ಮುಖ್ಯ. ಸಾಹುಕಾರ ಕೊಟ್ಟ ನೂಲಿನಿಂದ ಕೊಂಡಿ ಹಾಕಿದ ಸೆರಗಿನ ಇಳಕಲ್ ಸೀರೆ ನೇಯುವವರು ತಮ್ಮ ಮನೆಯಲ್ಲಿ, ತಮ್ಮದೇ ಮಗ್ಗದಲ್ಲಿ ಕೂತು ನೇಯುವುದರಿಂದ ಅವರು ಕಾನೂನಿನ ಕಣ್ಣಿಗೆ ‘ಉದ್ಯೋಗಿ’ಗಳೋ ಸ್ವತಂತ್ರ ಕಸುಬುದಾರರೋ ಎಂಬ ವಾದ ಏಳಬಹುದು. ತುಂಡು ಲೆಕ್ಕದಲ್ಲಿ ಹೊಲಿಯುತ್ತಿದ್ದ ದರ್ಜಿಗಳ ಬಗ್ಗೆ ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲಿ ನೀಡಿದ ತೀರ್ಪು, ಕೆಲಸ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲೀಕನಲ್ಲಿರುವುದೇ ಮುಂತಾದ ಸಂಗತಿಗಳನ್ನು ಪರಿಗಣಿಸಿ ಅವರನ್ನು ಉದ್ಯೋಗಿಗಳೆಂದು ಒಪ್ಪಿತು. ಆದರೂ ಮನೆಮಗ್ಗದ ಪ್ರತಿ ಪ್ರಕರಣವೂ ತನ್ನದೇ ಸಂಗತಿಗಳ ಮೇಲೆ ನಿಲ್ಲುತ್ತದೆ. 1976ರ ಕಾಯ್ದೆಯಲ್ಲಿ ಈ ತೊಡಕು ಇಲ್ಲ: ಅಲ್ಲಿ ಕೇಳುವ ಪ್ರಶ್ನೆ ‘ಉದ್ಯೋಗಿ ಹೌದೋ ಅಲ್ಲವೋ’ ಎಂಬುದಲ್ಲ, ಸಾಲದ ಕಾರಣಕ್ಕೆ ಸ್ವಾತಂತ್ರ್ಯ ಹೋಗಿದೆಯೇ ಎಂಬುದು.

ಕಲ್ಲಿನ ಕ್ವಾರಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮಾತು ಇನ್ನೂ ನೇರವಾಗಿದೆ. ಫರೀದಾಬಾದಿನ ಕಲ್ಲು ಗಣಿಗಳ ಕುರಿತ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದ ಕಡೆ ಅದರ ಹಿಂದೆ ಮುಂಗಡ ಅಥವಾ ಬೇರೆ ಆರ್ಥಿಕ ಪ್ರತಿಫಲ ಇದೆಯೆಂದೇ ಊಹಿಸಬೇಕು, ಹಾಗಲ್ಲವೆಂದು ತೋರಿಸುವುದು ಮಾಲೀಕನ ಹೊಣೆ ಎಂದು ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲು, 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತ್ತು. ಜೀತವೆಂದು ಸಾಬೀತಾದ ಸಾಲವನ್ನು ತೀರಿಸುವ ಹೊಣೆ 1976ರ ಕಾಯ್ದೆಯಡಿ ಅಳಿದುಹೋಗುತ್ತದೆ. ಅದು ಜೀತದ ಸಾಲವಲ್ಲವೆಂದು ಸಾಧಿಸುವ ಭಾರ ಸಾಲ ಕೊಟ್ಟವರ ಮೇಲಿದೆ. ಬಲವಂತವಾಗಿ ದುಡಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ದೂರನ್ನು ಜಿಲ್ಲಾಧಿಕಾರಿಗೆ ಅಥವಾ ಬಾಗಲಕೋಟೆ ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಏಕೆಂದರೆ ಜೀತದಾಳುಗಳ ಗುರುತಿಸುವಿಕೆ ಮತ್ತು ಬಿಡುಗಡೆ ಪ್ರಮಾಣಪತ್ರ ಕಂದಾಯ ಆಡಳಿತದ ಕೆಲಸ. ದುಡಿಯುವವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಮಾಲೀಕ ಆ ಸಮುದಾಯಗಳಿಗೆ ಸೇರದವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಜೊತೆಗೂಡುತ್ತದೆ.

ಸಾಲಕ್ಕೆ ಭದ್ರತೆಯೆಂದು ಸಹಿ ಮಾಡಿಸಿಕೊಳ್ಳುವ ಖಾಲಿ ಚೆಕ್ಕುಗಳ ಬಗ್ಗೆ ಇಲ್ಲೇ ಎಚ್ಚರಿಕೆ ಅಗತ್ಯ. ಸಹಿ ಮಾಡಿದ ಖಾಲಿ ಚೆಕ್ಕಿಗೂ ಸಾಲವಿದೆಯೆಂಬ ಕಾನೂನಿನ ಊಹೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಊಹೆಯನ್ನು ಅಲ್ಲಗಳೆಯಬಹುದಾದರೂ ಅದಕ್ಕೆ ಪುರಾವೆ ಬೇಕು. ಆದುದರಿಂದ ಚೆಕ್ಕಿನ ಸಂಖ್ಯೆ, ಕೊಟ್ಟ ದಿನ, ಪಡೆದ ಮೊತ್ತ ಇವನ್ನು ಮಾಲೀಕನಿಗೇ ಸಂದೇಶವಾಗಿ ಕಳುಹಿಸಿಟ್ಟರೆ ಮುಂದೆ ಅದೇ ಆಸರೆಯಾಗಬಹುದು. ಕನಿಷ್ಠ ಸೇವಾವಧಿಯ ಬಾಂಡ್ ಎಲ್ಲ ಸಂದರ್ಭದಲ್ಲೂ ಅಸಿಂಧು ಎಂಬ ನಂಬಿಕೆ ತಪ್ಪು: ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಆದರೆ ಕೆಲಸ ಬಿಟ್ಟ ನಂತರವೂ ಅದೇ ಕಸುಬನ್ನು ಬೇರೆಲ್ಲೂ ಮಾಡಬಾರದೆಂಬ ಕರಾರು 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಶೂನ್ಯ.

ಗಡಿ ಹಾಕುವ ವಿಧಾನವು ಬರಹದಿಂದ ಆರಂಭವಾಗಬೇಕು. 1961ರ ಕಾಯ್ದೆಯಡಿ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು. ವೇತನ ಸಂಹಿತೆಯಡಿ ವೇತನ ಚೀಟಿ ಕೊಡಬೇಕು, ತಿಂಗಳ ಪಗಾರವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಿಸಬೇಕು, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಈ ಕಾಗದಗಳು ಇಲ್ಲದಿದ್ದಾಗ ಸಣ್ಣ ದಿನಚರಿಯೊಂದರಲ್ಲಿ ಬಂದ ಹೊತ್ತು, ಹೋದ ಹೊತ್ತು, ಪಡೆದ ಹಣ, ನೇಕಾರರಾದರೆ ಒಪ್ಪಿಸಿದ ಸೀರೆಗಳ ಲೆಕ್ಕ ಬರೆದಿಡುವುದು ಒಳಿತು. ಮೊಬೈಲಿನ ಸಂದೇಶಗಳನ್ನು ಅಳಿಸದೆ ಮೂಲ ಫೋನಿನಲ್ಲೇ ಉಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅವುಗಳ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರವೂ ಬೇಕು. ಪುರಾವೆ ಪೂರ್ಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ, ಏಕೆಂದರೆ ವೇತನ ಕೊಟ್ಟಿಲ್ಲ ಅಥವಾ ಕಡಿಮೆ ಕೊಟ್ಟಿದ್ದಾರೆ ಎಂಬ ಕೋರಿಕೆಯಲ್ಲಿ, ಕೊಟ್ಟಿದ್ದೇನೆಂದು ಸಾಧಿಸುವ ಭಾರವನ್ನು ವೇತನ ಸಂಹಿತೆ ಮಾಲೀಕನ ಮೇಲೆ ಹೊರಿಸಿದೆ. ಮೂರು ವರ್ಷಗಳಷ್ಟು ಹಿಂದಿನ ಬಾಕಿಯನ್ನೂ ಕೇಳಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರವೂ ಕೋರಿಕೆಯನ್ನು ವಿಚಾರಿಸುವ ಪ್ರಾಧಿಕಾರಕ್ಕೆ ಇದೆ.

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು, ಮತ್ತು ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕನ ಪ್ರತಿನಿಧಿಗಳಷ್ಟೇ ಸಂಖ್ಯೆಯಲ್ಲಿರಬೇಕು. ಉಳಿದವರು ಕಾರ್ಮಿಕ ನಿರೀಕ್ಷಕರಿಗೆ ಅಥವಾ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಇಲ್ಲಿ ಇಳಕಲ್ ಭಾಗಕ್ಕೆ ವಿಶೇಷವಾದ ಒಂದು ತೊಡಕಿದೆ: ಗಣಿಗಳ ವಿಷಯದಲ್ಲಿ ‘ಸೂಕ್ತ ಸರ್ಕಾರ’ವೆಂದರೆ ಕೇಂದ್ರ ಸರ್ಕಾರವಾದುದರಿಂದ ಕ್ವಾರಿಯಲ್ಲಿ ಕಲ್ಲು ಸೀಳುವವರ ವೇತನದ ದೂರು ಕೇಂದ್ರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿಗೆ, ಊರಿನ ಪಾಲಿಶಿಂಗ್ ಘಟಕದಲ್ಲಿ ಅದೇ ಕಲ್ಲನ್ನು ಉಜ್ಜುವವರ ದೂರು ರಾಜ್ಯದ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಅಲೆದಾಡುವುದನ್ನು ಈ ಒಂದು ಸಂಗತಿ ತಿಳಿದಿದ್ದರೆ ತಪ್ಪಿಸಬಹುದು.

ದೂರು ಕೊಟ್ಟ ಸಿಟ್ಟಿಗೆ ಕೆಲಸದಿಂದ ತೆಗೆದರೆ, ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದ ಅಂಗಡಿ-ಹೋಟೆಲು ನೌಕರರಿಗೆ 1961ರ ಕಾಯ್ದೆಯ 39ನೇ ಕಲಮು ರಕ್ಷಣೆ ಕೊಡುತ್ತದೆ: ಸಕಾರಣವೂ, ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲು ವೇತನವೂ ಇಲ್ಲದೆ ತೆಗೆಯುವಂತಿಲ್ಲ, ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರನ್ನು 2013ರ ಕಾಯ್ದೆಯಡಿ, ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಅಥವಾ ಮಾಲೀಕನೇ ಆರೋಪಿಯಾಗಿರುವಾಗ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಸಲ್ಲಿಸಬೇಕು.

ವಕೀಲರ ಖರ್ಚಿನ ಭಯ ಇರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಉಚಿತ ನೆರವು ಕೊಡುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು ಮತ್ತು ಬಲವಂತದ ದುಡಿಮೆಗೆ ಸಿಕ್ಕಿದವರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು. ಜಿಲ್ಲಾ ಪ್ರಾಧಿಕಾರದಲ್ಲಿ ಅಥವಾ ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಬಹುದು. ಅರ್ಜಿಯಲ್ಲಿ ಮುಂಗಡ ಪಡೆದ ದಿನ, ಮೊತ್ತ, ಇದುವರೆಗೆ ಮುರಿದುಕೊಂಡದ್ದು, ಬಾಕಿಯೆಂದು ಮಾಲೀಕ ಹೇಳುತ್ತಿರುವುದು, ಈ ನಾಲ್ಕೂ ಇದ್ದರೆ ಅದು ಸಾಲದ ವ್ಯಾಜ್ಯವೋ ವೇತನದ ಕೋರಿಕೆಯೋ ಜೀತದ ದೂರೋ ಎಂಬುದನ್ನು ವಕೀಲರು ಮೊದಲ ಭೇಟಿಯಲ್ಲೇ ನಿರ್ಧರಿಸಲು ಅನುಕೂಲವಾಗುತ್ತದೆ.