ನಮ್ಮ ತಾಲ್ಲೂಕಿನಲ್ಲಿ ಇಳಿದ ಪುಷ್ಪಕ್: ‘ಚಲನೆ’ ಘಟಕದ ಒಂದು ಅಭ್ಯಾಸ ಪಾಠ

ಬಾಹ್ಯಾಕಾಶದ ವಿಷಯಕ್ಕೆ ಪೀಠಿಕೆ ಹಾಕುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಚಂದ್ರಯಾನದ ಚಿತ್ರ ತೂಗುಹಾಕಿ, ‘ನಿಮ್ಮಲ್ಲಿ ಯಾರು ವಿಜ್ಞಾನಿಗಳಾಗುತ್ತೀರಿ?’ ಎಂದು ಕೇಳುತ್ತೇವೆ. ಎಲ್ಲ ಕೈಗಳೂ ಮೇಲೇಳುತ್ತವೆ, ಗಂಟೆ ಬಾರಿಸುವ ಮೊದಲೇ ಕೆಳಗಿಳಿಯುತ್ತವೆ. ಗೌರಸಮುದ್ರದಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುವಾಗ ನಾನು ಆ ಪ್ರಶ್ನೆ ಬಿಟ್ಟು, ಚಳ್ಳಕೆರೆ ತಾಲ್ಲೂಕಿನಲ್ಲೇ ನಡೆದ ಪ್ರಯೋಗವೊಂದರಿಂದ ಆರಂಭಿಸಿದೆ.

ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸಿ ನೋಡುವ ಪ್ರಯೋಗವನ್ನು ಇಸ್ರೋ ಇಲ್ಲಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಮೂರು ಬಾರಿ ನಡೆಸಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯ ವಾಹನವನ್ನು ಎತ್ತಿಕೊಂಡು ಹೋಗಿ ಮೇಲಿನಿಂದ ಬಿಟ್ಟಿತು. ಮೂರನೆಯ ಸಲ ಬಿಟ್ಟದ್ದು 4.5 ಕಿ.ಮೀ. ಎತ್ತರದಿಂದ, ರನ್‌ವೇಗೆ 4.5 ಕಿ.ಮೀ. ದೂರದಲ್ಲಿ. ಒಳಗೆ ಪೈಲಟ್ ಇಲ್ಲ. ‘ಪುಷ್ಪಕ್’ ತಾನೇ ದಾರಿ ತಿದ್ದಿಕೊಂಡು ಇಳಿಯಿತು.

ಇಷ್ಟು ಹೇಳಿ, ‘ಚಳ್ಳಕೆರೆಗೆ ಒಂದು ಸಲ ಹೋದ ಬಸ್ಸನ್ನು ಗುಜರಿಗೆ ಹಾಕುವುದಾದರೆ ಟಿಕೆಟ್ಟಿಗೆ ಎಷ್ಟು ಕೊಡಬೇಕಾದೀತು?’ ಎಂದು ಕೇಳಿದೆ. ಮರುಬಳಕೆ ಏಕೆ ಎಂಬುದನ್ನು ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

ನಂತರ ಲೆಕ್ಕ. ಮೂರನೆಯ ಪ್ರಯೋಗದಲ್ಲಿ ಪುಷ್ಪಕ್ ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು. ಪ್ರಯಾಣಿಕರ ವಿಮಾನದ್ದು ಸುಮಾರು 260. ಮಕ್ಕಳು ಕಪ್ಪುಹಲಗೆಯ ಮೇಲೆ 320ನ್ನು 1000ದಿಂದ ಗುಣಿಸಿ 3600ರಿಂದ ಭಾಗಿಸಿದರು: ಸೆಕೆಂಡಿಗೆ ಸುಮಾರು 89 ಮೀಟರ್. ಈ ಸಂಖ್ಯೆ ಯಾರಿಗೂ ಏನೂ ಅನ್ನಿಸಲಿಲ್ಲ. ಆದ್ದರಿಂದ ಎಲ್ಲರೂ ಮೈದಾನಕ್ಕೆ ಹೋಗಿ ಹಗ್ಗದಿಂದ 100 ಮೀಟರ್ ಅಳೆದೆವು. ಓಟದಲ್ಲಿ ಮುಂದಿದ್ದ ಹುಡುಗಿಗೆ 17 ಸೆಕೆಂಡ್ ಬೇಕಾಯಿತು. ಪುಷ್ಪಕ್‌ಗೆ ಒಂದು ಸೆಕೆಂಡ್, ಮೇಲೆ ಚೂರು. ಅವಳು ಏದುಸಿರು ಬಿಡುತ್ತಲೇ, ‘ಮತ್ತೆ ಅದು ನಿಲ್ಲೋದು ಹೆಂಗೆ ಮೇಡಂ?’ ಅಂದಳು. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು 100ರ ಸುಮಾರಿಗೆ ಇಳಿಸುತ್ತದೆ, ಉಳಿದದ್ದು ಚಕ್ರದ ಬ್ರೇಕಿನ ಕೆಲಸ. ವೇಗ ಕಡಿಮೆಯಾಗುವುದೂ ವೇಗೋತ್ಕರ್ಷವೇ, ಅದರ ಚಿಹ್ನೆ ಋಣ. ಈ ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

ಅಷ್ಟು ವೇಗ ಏಕೆ ಎಂಬುದಕ್ಕೆ ಕಾಗದದ ವಿಮಾನಗಳೇ ಕಲಿಕೋಪಕರಣ. ಅಗಲ ರೆಕ್ಕೆಯದು ತೇಲಿ ದೂರ ಹೋಯಿತು, ಮೋಟು ರೆಕ್ಕೆಯದು ಸರ್ರನೆ ಇಳಿಯಿತು. ಪುಷ್ಪಕ್ ಎರಡನೆಯ ಜಾತಿಯದು. ಗಾಳಿ ಅದನ್ನು ಹಿಂದಕ್ಕೆ ಎಳೆಯುವುದಕ್ಕೆ ಹೋಲಿಸಿದರೆ ಮೇಲಕ್ಕೆ ಎತ್ತಿಹಿಡಿಯುವುದು ಕಡಿಮೆ.

ಆಗಲೇ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: ‘ಮೇಡಂ, ಆ ಕಾವಲಿಗೆ ಈಗ ಕುರಿ ಬಿಡಂಗಿಲ್ಲ. ಮೇವಿಗೆ ಎಲ್ಲಿಗೆ ಹೋಗಬೇಕು?’

ನನ್ನ ಅವಲೋಕನ ಹಾಳೆಯಲ್ಲಿ ಈ ಭಾಗಕ್ಕೆ ‘ವಿಷಯಾಂತರ’ ಎಂಬ ಷರಾ ಬಿದ್ದಿದೆ. ನಾನು ಒಪ್ಪುವುದಿಲ್ಲ. ಪರೀಕ್ಷಾ ವಲಯ ಇರುವುದು ಅಮೃತಮಹಲ್ ಕಾವಲಿನ ನೆಲದಲ್ಲಿ. ಮೈಸೂರು ಅರಸರ ದನಗಳಿಗೆಂದು ಮೀಸಲಾಗಿ, ಮುಂದೆ ಸುತ್ತಲ ಹಳ್ಳಿಗಳ ಕುರಿ-ದನಗಳಿಗೂ ಆಸರೆಯಾದ ಹುಲ್ಲುಗಾವಲು ಅದು. ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಕುರಿ ಕಾಯುವ ಮನೆಯ ಮಗುವಿನ ಮುಂದೆ ಇದನ್ನು ಮುಚ್ಚಿಟ್ಟು ಆಕಾಶ ತೋರಿಸಿದರೆ, ಆ ಆಕಾಶ ತನ್ನದಲ್ಲ ಎಂದೇ ಅದು ತಿಳಿಯುತ್ತದೆ. ನಾನು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಹತ್ತು ನಿಮಿಷ ಮಾತಾಡಿದೆವು. ಹುಲ್ಲು ಎಲ್ಲೆಲ್ಲಿ ಉಳಿದಿದೆ ಎಂದು ಉಪಗ್ರಹದ ಚಿತ್ರದಲ್ಲಿ ನೋಡಬಹುದೇ ಎಂದು ಒಬ್ಬಳು ಕೇಳಿದಳು. ನೋಡಬಹುದು. ದೂರಸಂವೇದಿ ಉಪಗ್ರಹಗಳ ಕೆಲಸಗಳಲ್ಲಿ ಅದೂ ಒಂದು. ಆ ಅವಧಿಯಲ್ಲಿ ಬಾಹ್ಯಾಕಾಶ ಅವರಿಗೆ ಅತ್ಯಂತ ಹತ್ತಿರ ಬಂದದ್ದು ಆಗಲೇ ಎಂದು ನನಗನ್ನಿಸುತ್ತದೆ.

ಕೊನೆಗೆ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ್ದನ್ನು ಎರಡೇ ಮಾತಿನಲ್ಲಿ ಹೇಳಿದೆ. ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಶಿಬಿರ ಒಂಬತ್ತನೆಯ ತರಗತಿಯವರಿಗೇ ಇದೆ, ಗ್ರಾಮೀಣ ಮಕ್ಕಳಿಗೆ ಆದ್ಯತೆಯೂ ಉಂಟು. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕಾದ್ದರಿಂದ ಈ ಕೆಲಸ ಶಿಕ್ಷಕರೇ ವಹಿಸಿಕೊಂಡರೆ ಒಳ್ಳೆಯದು.

ಮೌಲ್ಯಮಾಪನಕ್ಕೆ ಉತ್ತರ ಬೇಡ, ಒಂದೊಂದು ಪ್ರಶ್ನೆ ಬರೆದುಕೊಡಿ ಎಂದಿದ್ದೆ. ‘ಪೈಲಟ್ ಇಲ್ಲದೆ ರನ್‌ವೇ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?’ ಎಂಬ ಚೀಟಿಯನ್ನು ಮುಂದಿನ ಪಾಠಯೋಜನೆಯ ಪೀಠಿಕೆಗೆ ಇಟ್ಟುಕೊಂಡಿದ್ದೇನೆ.