ಮೊದಲು ಹಲ್ಲು ಎಣಿಸು

ನೋಡಪ್ಪ, ಡೀಸೆಲ್ ಜನರೇಟರಿಗೆ ಎಲೆಕ್ಟ್ರಾನಿಕ್ ಗವರ್ನರ್ ಕೂರಿಸುವ ಕೆಲಸ ನಿನ್ನ ಪಾಲಿಗೆ ಬಂದಾಗ ಗೇನ್, ಸ್ಟೆಬಿಲಿಟಿಗೆ ಮೊದಲೇ ಕೈ ಹಾಕಬೇಡ. ಬ್ಯಾಟರಿ ವೈರು ಬಿಚ್ಚಿಟ್ಟು, ಫ್ಲೈವೀಲ್ ರಿಂಗಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಲ್ಲೇ ತಿರುಗಿಸುತ್ತಾ ಹಲ್ಲುಗಳನ್ನು ಎಣಿಸು. ಹಿಂದಿನ ಸೆಟ್ಟಿಗೆ ಹಾಕಿದ್ದ ಅಂಕಿಯನ್ನೇ ಇದಕ್ಕೂ ತುಂಬುವ ಅಭ್ಯಾಸ ಕೆಲವರಿಗಿದೆ. ನೀನು ಅದನ್ನು ಕಲಿಯಬೇಡ.

ಗವರ್ನರಿಗೆ ಇಂಜಿನ್ ಕಾಣುವುದಿಲ್ಲ. ಹಲ್ಲು ಗುರುತಿಸುವ ಸೆನ್ಸರ್, ಅಂದರೆ ಪಿಕಪ್, ಅದರ ಎದುರು ಸೆಕೆಂಡಿಗೆ ಎಷ್ಟು ಹಲ್ಲು ದಾಟಿದವು ಅನ್ನುವುದಷ್ಟೇ ಅದಕ್ಕೆ ಗೊತ್ತು. 118 ಹಲ್ಲಿನ ಚಕ್ರ 1500 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 2950 ಹಲ್ಲು. ಕಂಟ್ರೋಲರಿನಲ್ಲಿ ನೀನು 160 ಎಂದು ತುಂಬಿದ್ದರೆ ಅದು 1106 ಎಂದು ಓದುತ್ತದೆ, ವೇಗ ಸಾಲದೆಂದು ಡೀಸೆಲ್ ಏರಿಸುತ್ತಾ ಹೋಗುತ್ತದೆ. ಪರದೆಯಲ್ಲಿ 1500 ಮೂಡುವ ಹೊತ್ತಿಗೆ ಇಂಜಿನ್ 2034ರಲ್ಲಿ ಓಡುತ್ತಿರುತ್ತದೆ. ತಿರುಗುವ ಭಾಗಗಳನ್ನು ಹೊರಕ್ಕೆ ಸೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಲ್ಲಿ ಅದು ಸುಮಾರು 1.8 ಪಟ್ಟು. ಅದೇ ಕಂಟ್ರೋಲರಿನೊಳಗಿನ ಓವರ್‌ಸ್ಪೀಡ್ ಟ್ರಿಪ್ ಕೂಡ ಅದೇ ತಪ್ಪು ಅಂಕಿಯನ್ನು ನಂಬಿ ಸುಮ್ಮನಿರುತ್ತದೆ. ಅದಕ್ಕೇ ಗವರ್ನರಿಗೆ ಸಂಬಂಧವಿಲ್ಲದ, ತನ್ನದೇ ಪಿಕಪ್ಪು, ತನ್ನದೇ ಫ್ಯೂಯಲ್ ಕಟ್‌ಆಫ್ ಇರುವ ಟ್ರಿಪ್ ಬೇಕೇ ಬೇಕು. ಅದಿಲ್ಲದೆ ಸೆಟ್ ಚಾಲೂ ಮಾಡುವುದಿಲ್ಲ ಎಂದು ಮಾಲೀಕರಿಗೆ ನೇರವಾಗಿ ಹೇಳು. ಬೈದರೆ ಬೈಸಿಕೋ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಬ್ರೇಕರ್ ಆಫ್ ಇರಲಿ, ವೇಗದ ಸೆಟ್ಟಿಂಗ್ ಕೆಳಗಿರಲಿ. ಫ್ಲೈವೀಲಿನ ನೇರಕ್ಕೆ ನೀನೂ ನಿಲ್ಲಬೇಡ, ಹೆಲ್ಪರ್ ಹುಡುಗನನ್ನೂ ನಿಲ್ಲಿಸಬೇಡ. ಗಾಳಿ ಎಳೆಯುವ ಬಾಯಿ ಮುಚ್ಚಲು ಗಟ್ಟಿ ಹಲಗೆಯೊಂದು ಹತ್ತಿರವೇ ಇರಲಿ: ಟರ್ಬೊ ಸೀಲಿನಿಂದ ಸೋರಿದ ಆಯಿಲ್ ಕುಡಿದು ಓಡುವ ಇಂಜಿನ್ ಡೀಸೆಲ್ ಕಟ್ ಮಾಡಿದರೂ ನಿಲ್ಲುವುದಿಲ್ಲ. ಬರಿಗೈ ಅಡ್ಡ ಇಡಲು ಹೋಗಬೇಡ. ಪುಲ್ಲಿಗೆ ಟ್ಯಾಕೋಮೀಟರ್ ಹಿಡಿದು ಪರದೆಯ ಅಂಕಿಗೆ ತಾಳೆ ನೋಡು. ನಾಲ್ಕು ಪೋಲಿನ ಆಲ್ಟರ್ನೇಟರ್ ಆದರೆ 1500ಕ್ಕೆ ಸರಿಯಾಗಿ 50 ಹರ್ಟ್ಸ್ ಬರಬೇಕು.

ಆಮೇಲೆ ಗೇನ್. ಇಂಜಿನ್ ಏರಿಳಿಯತೊಡಗುವವರೆಗೆ ಹೆಚ್ಚಿಸಿ, ಶಾಂತವಾಗುವಷ್ಟು ಹಿಂದಕ್ಕೆ ತಾ. ಸ್ಟೆಬಿಲಿಟಿಗೂ ಅದೇ ದಾರಿ. ಸೆಟ್ ಒಂದೇ ಇದ್ದರೆ ಡ್ರೂಪ್, ಅಂದರೆ ಲೋಡ್ ಏರಿದಂತೆ ವೇಗ ತುಸು ಇಳಿಸುವ ಸೆಟ್ಟಿಂಗ್, ಬೇಡ.

ಟ್ರಿಪ್ ಪರೀಕ್ಷೆಗೆಂದು ಇಂಜಿನ್ನನ್ನು ಅತಿವೇಗಕ್ಕೆ ಓಡಿಸಬೇಡ. ಟ್ರಿಪ್ಪಿನ ಅಂಕಿಯನ್ನೇ 1500ಕ್ಕಿಂತ ಸ್ವಲ್ಪ ಕೆಳಗಿಳಿಸಿ, ಇಂಜಿನ್ ತಾನಾಗಿ ನಿಲ್ಲುವುದನ್ನು ಕಣ್ಣಾರೆ ನೋಡು. ನಿಂತ ಮೇಲೆ ಕಂಪನಿ ಹೇಳಿದ ಮಿತಿಗೆ ಅದನ್ನು ವಾಪಸ್ ತಂದು, ಪ್ಯಾನೆಲ್ ಬಾಗಿಲಿನ ಒಳಬದಿಗೆ ಬರೆದಿಟ್ಟು, ಆಮೇಲೆ ಲೋಡ್ ಕೊಡು.